ಮೂರೂಮುಕ್ಕಾಲು ಇಂಚಿನ ಗುರುತು

ಹೋದ ಮಾಘದಲ್ಲಿ ಹನ್ನೊಂದು ದಿನ ನಾನು ಊರಿನ ನಡುಬೀದಿಯಲ್ಲಿ ದಿನಕ್ಕೊಂದು ಬಣ್ಣದ ಮುಖ ಹೊತ್ತು ಓಡಾಡಿದೆ. ಒಂದು ದಿನ ಹಸಿರು, ಮರುದಿನ ನೇರಳೆ. ಒಂದು ಬುಧವಾರವಂತೂ ಹಣೆಯಿಂದ ಗದ್ದದವರೆಗೆ ಬಿಳಿ ಗೆರೆಯೊಂದು ನೆಟ್ಟಗೆ ಇಳಿದಿತ್ತು. ಯಾರೋ ನನ್ನನ್ನು ಸೀಳಿ, ಆಮೇಲೆ ಮನಸ್ಸು ಬದಲಾಯಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದೆ. ಈಗ ಇದನ್ನೆಲ್ಲ ನಗುತ್ತಾ ಹೇಳುತ್ತೇನೆ. ಆಗ ಮಾತ್ರ ಕಾಗದದ ತಪ್ಪು, ಥಂಡಿಯ ತಪ್ಪು, ಕರೆಂಟಿನ ತಪ್ಪು, ಗಿರಾಕಿಗಳ ಮುಖದ ತಪ್ಪು ಅಂತ ಲೋಕವನ್ನೆಲ್ಲ ಸುತ್ತಿ ಬಂದೆನೇ ಹೊರತು ನನ್ನ ಹತ್ತಿರ ಮಾತ್ರ ಬರಲಿಲ್ಲ.

ನಮ್ಮೂರಲ್ಲಿ ಮನುಷ್ಯರ ಬಣ್ಣ ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ವರ್ಷ ತುಂಬುತ್ತಾ ಬಂದಂತೆ ಮೊದಲು ತುಟಿ ಮಾಸುತ್ತದೆ, ಆಮೇಲೆ ಕೂದಲು, ಕೊನೆಗೆ ಕಣ್ಣು. ಆಗ ಜನ ನನ್ನ ಅಂಗಡಿ ‘ವರ್ಣಾಲಯ’ಕ್ಕೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅವರ ಬಣ್ಣ ತುಂಬಿ, ಅವರ ಮುಖದ ಅಳತೆಗೇ ಒಂದು ಪ್ರಿಂಟು ಹಾಕುತ್ತೇನೆ. ಹಾಳೆ ಬಿಸಿಬಿಸಿಯಾಗಿ ಪ್ರಿಂಟರಿನಿಂದ ಹೊರಗೆ ಬರುತ್ತಿದ್ದಂತೆ ಸ್ಟೂಲಿನ ಮೇಲೆ ಕೂತವರಿಗೂ ಬಣ್ಣ ಹತ್ತುತ್ತದೆ. ಹಾಳೆಯ ಮೇಲೆ ಹೇಗೋ ಮೈಮೇಲೂ ಹಾಗೆ. ನನಗಿಂತ ಮುಂಚೆ ಈ ಕೆಲಸವನ್ನು ಒಬ್ಬ ಚಿತ್ರಗಾರ ಕುಂಚದಲ್ಲಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಕಲರ್ ಲೇಸರ್ ಪ್ರಿಂಟರ್ ತಂದೆ. ಅವನು ದಿನಕ್ಕೊಬ್ಬರನ್ನು ಮಾಡುತ್ತಿದ್ದ, ನಾನು ಕಾಫಿ ಆರುವುದರೊಳಗೆ ಮೂವರನ್ನು ಮಾಡುತ್ತಿದ್ದೆ. ಈ ಮಾತನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೆನೆಂದರೆ, ನನ್ನ ಹೆಂಡತಿ ಕಾತ್ಯಾಯಿನಿ ನಾನು ಬಾಯಿ ತೆರೆದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು.

ತೊಂದರೆ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಮೊದಲು ಬಂದವರು ಹೈಸ್ಕೂಲಿನ ಅಂಬುಜಾಕ್ಷಿ ಟೀಚರು. ಪ್ರಿಂಟು ಹಾಕಿಸಿಕೊಂಡು ಮನೆಗೆ ಹೋದವರು ಅರ್ಧ ಗಂಟೆಯಲ್ಲಿ ಸೆರಗು ಮುಚ್ಚಿಕೊಂಡು ವಾಪಸು ಬಂದರು. ಸೆರಗು ಸರಿಸಿದರೆ ಹಣೆಯಲ್ಲೊಂದು, ಕೆನ್ನೆಯಲ್ಲೊಂದು, ಕತ್ತಿನಲ್ಲೊಂದು ಬೂದು ಬಣ್ಣದ ಮಸುಕು ಕಲೆ.

“ಏನ್ರೀ ವಾಮನಯ್ಯ ಇದು? ಮಕ್ಕಳ ಮುಂದೆ ಹೇಗ್ರೀ ನಿಂತ್ಕೊಳ್ಳಲಿ?” ಅಂದರು.

ನಾನು ಕನ್ನಡಕ ಏರಿಸಿ, ಡಾಕ್ಟರಂತೆ ಮುಖ ಮಾಡಿ, “ಪ್ರಿಂಟು ಸರಿಯಾಗೇ ಇದೆ ಟೀಚರೇ. ಕೆಲವರ ಚರ್ಮ ಬಣ್ಣ ಹಿಡಿಯೋದು ಹೀಗೇ. ಸ್ವಲ್ಪ ಎಣ್ಣೆ ಕಮ್ಮಿ ತಿನ್ನಿ,” ಅಂದೆ. ಪಾಪ, ಅವರು ಮತ್ತೆ ಸೆರಗು ಎಳೆದುಕೊಂಡು ಹೋದರು. ಅವತ್ತಿನಿಂದ ಅವರು ಶಾಲೆಗೆ ಸೆರಗು ಹೊದ್ದುಕೊಂಡೇ ಹೋಗುತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಬಂದವರಿಗೆಲ್ಲ ಅದೇ ಕಲೆ. ಒಬ್ಬರಿಗೆ ಮೂಗಿನ ಮೇಲೆ, ಇನ್ನೊಬ್ಬರಿಗೆ ಕಿವಿಯ ಪಕ್ಕ. ಎಲ್ಲರಿಗೂ ಒಂದರ ಕೆಳಗೊಂದು, ಸಾಲಾಗಿ. ನಾನು ಎಲ್ಲರಿಗೂ ಒಂದೊಂದು ಕಾರಣ ಕೊಟ್ಟೆ. ಕಾಗದದ ಕಟ್ಟು ಥಂಡಿ ಹಿಡಿದಿದೆ ಅಂತ ಬಿಸಿಲಿಗೆ ಹರವಿದೆ. ಎರಡು ಕಟ್ಟನ್ನು ಗಾಳಿ ಹೊತ್ತುಕೊಂಡು ಹೋಯಿತು. ಊರಿನವರು ದೊಡ್ಡ ಮನಸ್ಸಿನವರು. ತಿಂಗಳೆರಡು ಕಳೆಯುವಷ್ಟರಲ್ಲಿ ಹೊಂದಿಕೊಂಡುಬಿಟ್ಟರು. ಹೆಂಗಸರು ಹಣೆಯ ಕಲೆಯ ಮೇಲೇ ಕುಂಕುಮ ಇಡತೊಡಗಿದರು. ಗಂಡಸರು ಕೆನ್ನೆಯ ಕಲೆ ಮುಚ್ಚುವಂತೆ ಗಡ್ಡ ಬಿಟ್ಟರು. ಯಾರೂ ಜಗಳಕ್ಕೆ ಬರಲಿಲ್ಲವಾದ್ದರಿಂದ ತಪ್ಪು ನನ್ನದಲ್ಲ ಅಂತ ನಾನೂ ನಂಬಿಬಿಟ್ಟೆ.

ಹೀಗಿರುವಾಗ ವನಮಾಲ ಹೆತ್ತಳು. ವನಮಾಲ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದವಳು, ಹೆರಿಗೆಗೂ ನಮ್ಮ ಮನೆಗೇ ಬಂದಿದ್ದಳು. ಹೆಣ್ಣುಮಗು. ನಮ್ಮೂರಿನ ಎಲ್ಲ ಮಕ್ಕಳ ಹಾಗೆ ಅದೂ ಹುಟ್ಟುವಾಗ ಬರೆಯದ ಹಾಳೆಯಷ್ಟು ಬಿಳಿ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವುದರೊಳಗೆ ಮೊದಲ ಪ್ರಿಂಟು ಹಾಕಬೇಕು. ದಿನ ಮೀರಿದರೆ ಬಣ್ಣ ಹತ್ತುವುದೇ ಇಲ್ಲ. ದೊಡ್ಡವರ ಪ್ರಿಂಟಾದರೆ ಚಿಂತೆಯಿಲ್ಲ, ಈ ಸಲ ಕೆಟ್ಟರೆ ಇನ್ನೊಂದು ಸಲ ಹಾಕಬಹುದು. ಮೊದಲ ಪ್ರಿಂಟು ಮಾತ್ರ ಜೀವಮಾನವೆಲ್ಲ ಅಡಿಯಲ್ಲಿ ಉಳಿಯುತ್ತದೆ, ಮೇಲೆ ಎಷ್ಟು ಬಣ್ಣ ಬಳಿದರೂ ಅದು ಕಾಣುತ್ತದೆ. ನನ್ನ ಎಡಕಿವಿ ಇವತ್ತಿಗೂ ಬಿಳಿ. ನನ್ನ ಮೊದಲ ಚಿತ್ರ ಬರೆಯುವಾಗ ಆ ಚಿತ್ರಗಾರನಿಗೆ ಸೀನು ಬಂದಿತ್ತಂತೆ.

“ಮಾವ, ಇವಳಿಗೆ ಅಮ್ಮನ ಬಣ್ಣ ಹಾಕು,” ಅಂದಳು ವನಮಾಲ, ಹೆತ್ತ ದಿನವೇ ಮಗುವನ್ನು ನನ್ನ ಮಡಿಲಿಗೆ ಕೊಟ್ಟು. “ನನ್ನ ಹತ್ತಿರ ಇರೋ ಅಮ್ಮನ ಚಿತ್ರ ಪೂರ್ತಿ ಮಾಸಿಹೋಗಿದೆ. ಆ ಬಣ್ಣ ನಿನಗೊಬ್ಬನಿಗೇ ನೆನಪಿರೋದು.”

ನನಗೆ ನೆನಪಿತ್ತು. ಅಕ್ಕನದು ಹದವಾಗಿ ಹುರಿದ ರಾಗಿಯ ಬಣ್ಣ. ಆ ಬಣ್ಣದ ಕೈ ನನಗೆ ಊಟ ಮಾಡಿಸಿತ್ತು, ಎರಡೇಟು ಹಾಕಿಯೂ ಇತ್ತು. ಆ ಬಣ್ಣ ಮತ್ತೆ ಮನೆಯಲ್ಲಿ ಓಡಾಡುತ್ತದೆ ಅಂತ ಮಗುವನ್ನು ಎದೆಗೆ ಒತ್ತಿಕೊಂಡೆ. ಹಾಗೆ ಕೂತಿದ್ದಾಗಲೇ ಮಗುವಿನ ಬಿಳಿ ಮುಖದ ಮೇಲೆ ಆ ಮೂರು ಬೂದು ಕಲೆ, ಸಾಯುವವರೆಗೂ ಹೋಗದ ಹಾಗೆ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಊರಿನವರ ಮುಖಕ್ಕೆ ಮೂರು ತಿಂಗಳು ಕಾರಣ ಹೇಳಿದವನಿಗೆ ಈ ಮುಖಕ್ಕೆ ಹೇಳಲು ಒಂದು ಕಾರಣವೂ ಹೊಳೆಯಲಿಲ್ಲ. ಭಯವಾಯಿತು.

ಅವತ್ತೇ ಪ್ರಿಂಟರಿನ ಮುಂದೆ ಕೂತೆ. ಪ್ರಿಂಟರ್ ರಿಪೇರಿ ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮೂರಲ್ಲಿ ಅದಕ್ಕೊಂದು ಪೀಕಲಾಟವಿದೆ. ಏನು ಸರಿಮಾಡಿದರೂ ಸರಿಯಾಯಿತೋ ಇಲ್ಲವೋ ಅಂತ ನೋಡಲು ಒಂದು ಮುಖ ಪ್ರಿಂಟು ಮಾಡಬೇಕು. ಬೇರೆಯವರ ಮುಖ ಹಾಕುವ ಹಾಗಿಲ್ಲ, ಅವರೆಲ್ಲೋ ಅಡುಗೆ ಮಾಡುತ್ತಾ ಕೂತಲ್ಲೇ ಬಣ್ಣ ಬದಲಾದಾರು. ಆದ್ದರಿಂದ ನನ್ನದೇ ಮುಖ. ಕಪ್ಪು ಪುಡಿಬಣ್ಣದ ಡಬ್ಬಿ ತೆಗೆದಿಟ್ಟು ನೋಡೋಣವೆಂದರೆ ಪ್ರಿಂಟರ್ ಅಲ್ಲಾಡಲೇ ಇಲ್ಲ. ಹಳದಿ ಡಬ್ಬಿ ಅಲ್ಲಾಡಿಸಿ ಹಾಕಿದೆ, ಮುಖ ನೇರಳೆಯಾಯಿತು. ಗುಲಾಬಿಯ ಡಬ್ಬಿ ಬಿಚ್ಚಿ ಒರೆಸಿ ಹಾಕಿದೆ, ಹಸಿರಾದೆ. ಬಣ್ಣ ಹೊಂದಿಸುವ ಬಟನ್ ಒತ್ತಿದೆ. ಮೀಸೆಯ ಕೆಳಗೆ ಇನ್ನೊಂದು ಮೀಸೆಯ ನೆರಳು ಬಿತ್ತು. ಕಲೆಗಳು ಮಾತ್ರ ಎಲ್ಲಿಯೂ ಹೋಗಲಿಲ್ಲ.

ನನ್ನ ಅಂಗಡಿಯ ಪಕ್ಕದಲ್ಲೇ ಟೈಲರ್ ಗುರುಪಾದಪ್ಪನ ಅಂಗಡಿ. ಚಿಕ್ಕಂದಿನ ಗೆಳೆಯ. ದಿನಾ ಬೆಳಿಗ್ಗೆ ನಾವಿಬ್ಬರೂ ಅವನ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವುದು ರೂಢಿ. ಅವನು ಹೊಲಿಗೆ ನಿಲ್ಲಿಸದೆ, ಕಣ್ಣಂಚಿನಲ್ಲಿ ನೋಡಿಯೇ ನನ್ನ ಪ್ರಿಂಟರಿನ ಸ್ಥಿತಿ ಹೇಳಿಬಿಡುತ್ತಿದ್ದ.

“ಇವತ್ತು ಹಳದಿ ಸರಿಹೋಗಿದೆ ಕಣಯ್ಯ. ನೀಲಿ ಸ್ವಲ್ಪ ಜಾಸ್ತಿ ಆಯ್ತು,” ಅನ್ನುವನು. ಬೀದಿಯಲ್ಲಿ ಹೋಗುವವರೂ ನಿಂತು, “ಇನ್ನೂ ಆಗ್ಲಿಲ್ವಾ ಸ್ವಾಮಿ?” ಅಂತ ಕೇಳಿ ಹೋಗುವರು. ಮೂರು ತಿಂಗಳು ಅವರ ಮುಖದಲ್ಲಿ ತಪ್ಪು ಹುಡುಕಿದ್ದೆನಲ್ಲ, ಈಗ ಅವರ ಸರದಿ.

ಒಂಬತ್ತನೇ ದಿನ ನಾನು ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದೆ. ಗುರುಪಾದಪ್ಪ ಹೊಲಿಗೆ ಬಿಟ್ಟು ಎದ್ದ. ಕೊರಳಿನ ಟೇಪು ತೆಗೆದು, ಕೇಳದೆ ಹೇಳದೆ, ನನ್ನ ಹಣೆಯ ಕಲೆಯಿಂದ ಕೆನ್ನೆಯ ಕಲೆಗೆ ಹಿಡಿದ. ಆಮೇಲೆ ಕೆನ್ನೆಯಿಂದ ಕತ್ತಿಗೆ.

“ಮೂರೂಮುಕ್ಕಾಲು,” ಅಂದ. “ಇದೂ ಮೂರೂಮುಕ್ಕಾಲು. ನನ್ನ ಹೆಂಡತಿ ಮುಖದಲ್ಲೂ ಅಷ್ಟೇ, ಅಳತೆ ಮಾಡಿದೀನಿ. ಏನೋ ಒಂದು ಉರುಳೋದು ಇಷ್ಟಿಷ್ಟು ದೂರಕ್ಕೆ ಒಂದು ಸುತ್ತು ಹಾಕ್ತಿದೆ. ನಿನ್ನ ಪ್ರಿಂಟರ್ ಜೊತೆ ಒಂದು ಪುಸ್ತಕ ಬಂದಿರಬೇಕಲ್ಲ, ಅದರಲ್ಲಿ ಏನಿದೆ ನೋಡಿದೆಯಾ?”

ಪುಸ್ತಕ ಬಂದಿತ್ತು. ಅನುಭವಸ್ಥನಿಗೆ ಅದೆಲ್ಲ ಯಾಕೆ ಅಂತ ಅದನ್ನು ಅಂಗಡಿಯ ಮೇಜಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದೆ. ಎಳೆದಾಗ ಮೇಜು ವಾಲಿ ನನ್ನ ಕಾಫಿ ಲೋಟ ನೆಲಕ್ಕೆ ಬಿತ್ತು. ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು: ಕಲೆ ಇಷ್ಟು ದೂರಕ್ಕೊಂದು ಬಂದರೆ ಈ ಭಾಗ, ಅಷ್ಟು ದೂರಕ್ಕೊಂದು ಬಂದರೆ ಆ ಭಾಗ. ಮೂರೂಮುಕ್ಕಾಲು ಇಂಚಿನ ಎದುರಿಗೆ ‘ಡ್ರಮ್’ ಅಂತ ಇತ್ತು. ಡ್ರಮ್ ಅಂದರೆ ಪ್ರಿಂಟರಿನೊಳಗಿನ ಹೊಳೆಯುವ ಉರುಳೆ. ಪುಡಿಬಣ್ಣ ಅದರ ಮೇಲೆ ಕೂತು ಆಮೇಲೆ ಕಾಗದಕ್ಕೆ ಹೋಗುತ್ತದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು: ಡ್ರಮ್ಮನ್ನು ಬರಿಗೈಯಲ್ಲಿ ಮುಟ್ಟಬಾರದು.

ಕಲೆ ಬೂದು, ಅಂದರೆ ಕಪ್ಪು ಬಣ್ಣದ ಡ್ರಮ್ಮಿನದು; ಅದನ್ನು ನಾನು ಬದಲಿಸಿದ್ದು ದೀಪಾವಳಿಯ ಮರುದಿನ. “ಹಾಗಾದ್ರೆ ಕಳಿಸಿದವರೇ ಮುಟ್ಟಿ ಕಳಿಸಿದ್ದಾರೆ,” ಅಂತ ಮನೆಗೆ ಹೋಗಿ ಹೆಂಡತಿಯ ಎದುರು ಕೂಗಾಡಿದೆ. “ಇಲ್ಲಾಂದ್ರೆ ಬಸ್ಸಿನವರು. ಅವರಿಗೆ ಸಾಮಾನು ಹಿಡಿಯೋಕೆ ಎಲ್ಲಿ ಬರುತ್ತೆ?”

ಕಾತ್ಯಾಯಿನಿ ಪಾತ್ರೆ ತೊಳೆಯುತ್ತಿದ್ದಳು. ನಾನು ತಿಂಡಿ ತಿಂದು ನೀರು ಕುಡಿದಿಟ್ಟ ಸ್ಟೀಲಿನ ಚೊಂಬನ್ನು ತೊಳೆಯದೆ ಪಕ್ಕಕ್ಕೆ ಇಟ್ಟಿದ್ದಳು. ಅದನ್ನು ತಂದು, ನನ್ನನ್ನು ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸಿ, ಕೆನ್ನೆಯ ಪಕ್ಕಕ್ಕೆ ಹಿಡಿದಳು.

ಚೊಂಬಿನ ಮೇಲೆ ಎಣ್ಣೆಗೈಯ ಹೆಬ್ಬೆಟ್ಟಿನ ಗುರುತು ಇತ್ತು. ನಡುವೆ ಓರೆಯಾಗಿ ಒಂದು ಗಾಯದ ಗೆರೆ. ಚಿಕ್ಕವನಿದ್ದಾಗ ಈಳಿಗೆಮಣೆಯಲ್ಲಿ ಕಬ್ಬು ಹೆಚ್ಚಲು ಹೋಗಿ ಹೆಬ್ಬೆರಳು ಕುಯ್ದುಕೊಂಡಿದ್ದೆ, ಅಕ್ಕ ಅರಿಸಿನ ಮೆತ್ತಿ ಕಟ್ಟಿದ್ದಳು. ನನ್ನ ಕೆನ್ನೆಯ ಬೂದು ಕಲೆಯಲ್ಲೂ ಅದೇ ಓರೆ ಗೆರೆ ಇತ್ತು.

“ಇಪ್ಪತ್ತೆರಡು ವರ್ಷದಿಂದ ದಿನಾ ಉಜ್ಜಿ ಉಜ್ಜಿ ತೆಗೀತಿದೀನ್ರೀ ಇದನ್ನ. ನಂಗೆ ಗೊತ್ತಾಗಲ್ವಾ?” ಅಂದಳು. “ಅವತ್ತು ಚಕ್ಕುಲಿ ತಟ್ಟೆ ತೊಡೆ ಮೇಲಿಟ್ಕೊಂಡೇ ಪ್ರಿಂಟರ್ ಬಿಚ್ಚಿದ್ರಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಚೊಂಬಿನ ತಪ್ಪು ಅಂತಿದ್ರಿ.”

ಊರಿನ ಮುಖಮುಖಕ್ಕೂ ಹೆಬ್ಬೆಟ್ಟು ಒತ್ತಿ, ಅವರಿಗೇ ಎಣ್ಣೆ ಕಮ್ಮಿ ತಿನ್ನಿ ಅಂತ ಬುದ್ಧಿ ಹೇಳಿದ ಮಹಾಶಯ ನಾನು. ಅಂಗಡಿಗೆ ಓಡಿ ಡ್ರಮ್ ಹೊರಗೆಳೆದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಂಡಿತು, ನನ್ನ ಹೆಬ್ಬೆಟ್ಟು. ಆಗ ಬುದ್ಧಿವಂತನಾದವನು ಸುಮ್ಮನಿರುತ್ತಿದ್ದ. ನಾನು ಪಂಚೆಯ ತುದಿಯಿಂದ ಉಜ್ಜಿದೆ. ಒಂದೇ ಕಡೆ ಇದ್ದ ಗುರುತು ಆ ಬದಿಯಿಂದ ಈ ಬದಿಗೆ ಪಟ್ಟಿಯಾಗಿ ಹರಡಿತು. ಪ್ರಿಂಟು ಹಾಕಿ ನೋಡಿದರೆ ನನ್ನ ಮುಖಕ್ಕೆ ಅಡ್ಡಡ್ಡ ಮೂರು ಬೂದು ಪಟ್ಟಿ, ಒಂದೊಂದೂ ಇಂಚಗಲ. ಹೊಸ ಡ್ರಮ್ ಬೇಕೆಂದು ಹೇಳಿ ಕಳಿಸಿದೆ. ಅದು ಬರುವುದು ವಾರದ ಬಸ್ಸಿನಲ್ಲಿ, ಮಗುವಿನ ಹದಿನಾಲ್ಕನೇ ದಿನಕ್ಕೆ.

ಹತ್ತನೇ ದಿನ ಬೆಳಿಗ್ಗೆ ವನಮಾಲಳ ಕೋಣೆಗೆ ಹೋದೆ. ಅವಳು ಮಗುವಿಗೆ ಹಾಲು ಕುಡಿಸಿ ತೇಗು ಬರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, “ತಪ್ಪಾಯ್ತಮ್ಮ,” ಅಂದೆ. ಆ ಮಾತನ್ನು ನನ್ನ ಬಾಯಿಂದ ಕೇಳಿ ಅಭ್ಯಾಸವಿಲ್ಲದೆ ಅವಳು ಗಾಬರಿಯಾದಳು. ಚಕ್ಕುಲಿಯಿಂದ ಹಿಡಿದು ಪಂಚೆಯವರೆಗೆ ಎಲ್ಲ ಹೇಳಿದೆ. “ನಿನ್ನ ಅಮ್ಮನ ಬಣ್ಣ ನನಗೆ ನೆನಪಿದೆ. ಹಾಕೋ ಯೋಗ್ಯತೆ ನಾನೇ ಕಳಕೊಂಡೆ,” ಅನ್ನುವಾಗ ಅಳು ಬಂತು, ಅತ್ತೆ. ಮುಖದ ಪಟ್ಟಿಗಳ ಮೇಲೆ ಕಣ್ಣೀರು ಇಳಿಯುತ್ತಿದ್ದದ್ದನ್ನು ನೋಡಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮಾವ, ಇನ್ನೂ ಎರಡು ದಿನ ಇದೆ,” ಅಂದಳು ಕೊನೆಗೆ. “ಇಲ್ಲಿ ನಿಂತು ಅತ್ತರೆ ಆಗುತ್ತಾ? ಯಾರನ್ನಾದರೂ ಕೇಳು.”

ಕೇಳುವುದು. ಅಂಗಡಿ ಇಟ್ಟ ಹನ್ನೊಂದು ವರ್ಷದಲ್ಲಿ ನಾನು ಮಾಡದ ಕೆಲಸ ಅದೊಂದೇ. ಹೋಗಿ ಗುರುಪಾದಪ್ಪನನ್ನು ಕೇಳಿದೆ. ಹೆಬ್ಬೆಟ್ಟಿನ ವಿಷಯ ಹೇಳಿದಾಗ ಅವನು ತಲೆಯನ್ನೂ ಎತ್ತಲಿಲ್ಲ.

“ಗೊತ್ತು ಬಿಡಯ್ಯ. ದಿನಾ ಈ ಬೆಂಚಿನ ಮೇಲೆ ಅದೇ ಹೆಬ್ಬೆರಳಲ್ಲಿ ಲೋಟ ಹಿಡೀತೀಯ. ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತು. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ವಿ.” ಆಮೇಲೆ ಪಟ್ಟಿ ಬಿದ್ದ ಪ್ರಿಂಟನ್ನು ಕೈಗೆ ತೆಗೆದುಕೊಂಡು, ಬಟ್ಟೆ ನೋಡುವ ಹಾಗೆ ಮೇಜಿನ ಮೇಲೆ ಹರವಿದ. “ಅಂಗಡಿಯಲ್ಲಿ ಬಟ್ಟೆಯ ಥಾನು ತುಂಬಾ ದಿನ ಮಡಿಸಿಟ್ಟರೆ ಮಡಿಕೆ ಮಡಿಕೆಗೂ ಹೀಗೇ ಗೆರೆ ಬಿದ್ದು ಮಾಸಿರುತ್ತೆ. ಅದರಲ್ಲಿ ದೊಡ್ಡವರ ಅಂಗಿ ಆಗಲ್ಲ. ಕೂಸಿನ ಅಂಗಿ ಆಗುತ್ತೆ. ಎರಡು ಮಡಿಕೆ ನಡುವೆ ಕತ್ತರಿಸಿದರಾಯ್ತು.”

ಮಗುವಿನ ಮುಖವನ್ನು ಎರಡು ಪಟ್ಟಿಯ ನಡುವೆ ಕೂರಿಸಬಹುದು ಅಂತ ಆಗ ನನಗೆ ಹೊಳೆಯಿತು. ಅವನು ಟೇಪು ಹಿಡಿದು ಮನೆಗೆ ಬಂದ. ಪಟ್ಟಿ ಪಟ್ಟಿಗಳ ನಡುವೆ ಶುದ್ಧವಾಗಿದ್ದ ಜಾಗ ಎರಡೂಮುಕ್ಕಾಲು ಇಂಚು. ನಿದ್ದೆಯಲ್ಲಿದ್ದ ಮಗುವಿನ ಮುಖ ಗದ್ದದಿಂದ ಹಣೆಯ ಕೂದಲಿನವರೆಗೆ ಎರಡೂವರೆ. “ಮೇಲೆ ಕೂದಲ ಹತ್ತಿರ ಬಿದ್ದರೆ ಕಪ್ಪಿನಲ್ಲಿ ಕಪ್ಪು, ಕಾಣಿಸಲ್ಲ,” ಅಂದ. “ಕಾಲಿಂಚು ಸಿಗುತ್ತೆ ನಿಂಗೆ. ನಾನು ಅರ್ಧ ನೂಲು ಉಳಿದರೂ ಹೊಲೀತೀನಿ.”

ಪಟ್ಟಿ ಹಾಳೆಯ ಯಾವ ಜಾಗಕ್ಕೆ ಬೀಳುತ್ತದೆ ಅನ್ನುವುದೊಂದು ತಿಳಿಯಬೇಕಿತ್ತು. ಪ್ರಿಂಟರ್ ಆರಿಸಿ, ಮತ್ತೆ ಹಚ್ಚಿ, ಮೊದಲ ಹಾಳೆಯಲ್ಲಿ ನನ್ನ ಮುಖ ಹಾಕಿ ನೋಡಿದೆ. ಹೀಗೆ ಏಳು ಸಲ. ಆರು ಸಲ ಪಟ್ಟಿ ಒಂದೇ ಜಾಗಕ್ಕೆ ಬಿತ್ತು. ಏಳನೆಯ ಸಲ ಅರ್ಧ ಇಂಚು ಜಾರಿ ನನ್ನ ಮೂಗಿನ ಮೇಲೆ ಕೂತಿತು. ಆ ಮೂಗನ್ನು ಹೊತ್ತುಕೊಂಡೇ ಹೋಗಿ ವನಮಾಲಳಿಗೆ ಹೇಳಿದೆ. ಮುಚ್ಚಿಡಲಿಲ್ಲ.

“ಏಳರಲ್ಲಿ ಆರು ಸಲ ಸರಿಯಾಗುತ್ತೆ. ಒಂದು ಸಲ ಹೀಗಾಗಬಹುದು. ನಿನ್ನ ಮಗಳು, ನೀನು ಹೇಳು.”

ಅವಳು ನನ್ನ ಮೂಗಿನ ಪಟ್ಟಿಯನ್ನು ಬೆರಳಿನಿಂದ ಉಜ್ಜಿ ನೋಡಿದಳು. “ಹಾಕು ಮಾವ,” ಅಂದಳು. “ಈ ಸಲ ಏನೇ ಆದರೂ ಯಾಕಾಯ್ತು ಅಂತ ನಿಜ ಹೇಳ್ತೀಯಲ್ಲ, ಸಾಕು.”

ಹನ್ನೊಂದನೇ ದಿನ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಅಕ್ಕನ ಬಣ್ಣ ಹುಡುಕಿದೆ. ಸ್ವಲ್ಪ ಹಳದಿ, ಸ್ವಲ್ಪ ಕೆಂಪು. ಸಾಲದು, ಒಲೆಯ ಮುಂದೆ ಕೂತಾಗ ಇರುತ್ತಿದ್ದ ಕೆಂಪು. ಕಾತ್ಯಾಯಿನಿ ಹಿಂದೆ ನಿಂತು, “ಅಷ್ಟೇ, ನಿಲ್ಲಿಸಿ. ಅತ್ತಿಗೆ ಬಂದ್ರು,” ಅಂದಳು. ಸೋಪಿನಲ್ಲಿ ಮೂರು ಸಲ ಕೈ ತೊಳೆದು ಪ್ರಿಂಟರ್ ಆರಿಸಿ ಹಚ್ಚಿದೆ. ವನಮಾಲ ಮಗುವನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಗುರುಪಾದಪ್ಪ ಟೇಪಿನಲ್ಲಿ ಅಳೆದು, ಮುಖ ಹಾಳೆಯ ಎಲ್ಲಿಗೆ ಬರಬೇಕೆಂದು ತೋರಿಸಿದ. ನಾನು ಬಟನ್ ಒತ್ತಿದೆ.

ಪ್ರಿಂಟರ್ ಗುರ್ರೆಂದಿತು. ಮೊದಲು ಹಾಳೆಯ ತುದಿ ಬಂತು, ಆಮೇಲೆ ಒಂದು ಬೂದು ಪಟ್ಟಿ. ಪಟ್ಟಿ ಮುಗಿದು ಕಪ್ಪು ಕೂದಲು, ಹಣೆ, ಮುಚ್ಚಿದ ಎರಡು ಕಣ್ಣು, ಮೂಗು, ತುಟಿ, ಗದ್ದ. ಗದ್ದ ಮುಗಿದು ಕೂದಲೆಳೆಯಷ್ಟು ಬಿಳಿ ಜಾಗ. ಆಮೇಲೆ, ಬರಿ ಕಾಗದದ ಮೇಲೆ, ಎರಡನೆಯ ಪಟ್ಟಿ ಬಂತು.

ಯಾರೂ ಹಾಳೆಯನ್ನು ನೋಡುತ್ತಿರಲಿಲ್ಲ. ವನಮಾಲಳ ಮಡಿಲಲ್ಲಿ ಬಿಳಿಯ ಮೇಲೆ ರಾಗಿಯ ಬಣ್ಣ ಏರುತ್ತಿತ್ತು, ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಪುಟ್ಟ ಮುಷ್ಟಿಗೆ. ಎಲ್ಲೂ ಒಂದು ಚುಕ್ಕೆ ಇರಲಿಲ್ಲ. ವನಮಾಲ ಮಗುವಿನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, “ಅಮ್ಮ,” ಅಂದಳು. ಗುರುಪಾದಪ್ಪ ಟೇಪನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದ.

ಮರುದಿನ ತೊಟ್ಟಿಲ ಶಾಸ್ತ್ರಕ್ಕೆ ಬೀದಿಯವರೆಲ್ಲ ಬಂದರು. ನಾನು ಬಾಗಿಲಲ್ಲಿ ನಿಂತು, ಒಬ್ಬೊಬ್ಬರಿಗೂ ಹೊಸ ಡ್ರಮ್ ಬಂದ ಕೂಡಲೇ ಬಿಟ್ಟಿಯಾಗಿ ಪ್ರಿಂಟು ಹಾಕಿಕೊಡುತ್ತೇನೆ, ತಪ್ಪು ನನ್ನದು ಅಂತ ಹೇಳಿ ಒಳಗೆ ಬಿಟ್ಟೆ. ಅಂಬುಜಾಕ್ಷಿ ಟೀಚರು ಸೆರಗು ಮುಚ್ಚಿಕೊಂಡೇ ಬಂದಿದ್ದರು.

“ಹಾಗಾದ್ರೆ ನನ್ನ ಮುಖದ ತಪ್ಪಲ್ವಾ?” ಅಂತ ಕೇಳಿದರು.

“ಅಲ್ಲ ಟೀಚರೇ. ನಿಮ್ಮ ಮುಖದ್ದು ಯಾವತ್ತೂ ಏನೂ ತಪ್ಪಿರಲಿಲ್ಲ.”

ಅವರು ಸೆರಗನ್ನು ಹೆಗಲಿಗೆ ಇಳಿಸಿ, ಒಳಗೆ ಹೋಗಿ ಎಲ್ಲರ ನಡುವೆ ಕೂತರು.

ಮಗುವಿಗೆ ಅಕ್ಕನ ಹೆಸರನ್ನೇ ಇಟ್ಟರು, ಸುಭದ್ರೆ ಅಂತ. ಹೆಸರು ಕೂಗಿ ಮುಗಿದ ಮೇಲೆ, ಮನೆಯ ಹಿರಿಯರು ಮಗುವಿಗೆ ದೃಷ್ಟಿಬೊಟ್ಟು ಇಡಬೇಕು. ವನಮಾಲ ಕಾಡಿಗೆಯ ಬಟ್ಟಲು ಹಿಡಿದು ನನ್ನನ್ನು ಕರೆದಳು.

“ನಾನು ಬೇಡಮ್ಮ,” ಅಂದೆ, ಕೈ ಹಿಂದಕ್ಕೆ ಕಟ್ಟಿಕೊಂಡು. “ಈ ಬೆರಳೊಂದು ಬೇಡ.”

“ಊರಿಗೆಲ್ಲ ಇಟ್ಟಿದೀಯ, ನನ್ನ ಮಗಳಿಗೆ ಮಾತ್ರ ಇಲ್ವಾ?” ಅಂದಳು ಅವಳು. “ಇದು ಸ್ನಾನಕ್ಕೆ ಹೋಗುತ್ತೆ ಮಾವ. ಬಾ.”

ಸುತ್ತ ಕೂತವರೆಲ್ಲ ನಕ್ಕರು. ಒಬ್ಬೊಬ್ಬರ ಹಣೆಯಲ್ಲೂ ಕೆನ್ನೆಯಲ್ಲೂ ನನ್ನ ಹೆಬ್ಬೆಟ್ಟು ಇತ್ತು. ನಾನು ಕಾಡಿಗೆಯಲ್ಲಿ ಬೆರಳು ಅದ್ದಿ, ತೊಟ್ಟಿಲಿನೊಳಗೆ ಬಗ್ಗಿ, ಆ ರಾಗಿಯ ಬಣ್ಣದ ಕೆನ್ನೆಯ ಮೇಲೆ ಮೆಲ್ಲಗೆ ಒತ್ತಿದೆ. ಮಗು ಮುಖ ತಿರುಗಿಸಿತು. ಬೊಟ್ಟು ಕಿವಿಯವರೆಗೂ ಕಲಸಿಹೋಯಿತು.

ಹಿಂದಿನಿಂದ ಗುರುಪಾದಪ್ಪ, “ಕಾಗದ ಸರಿ ಇಲ್ಲ ಕಣಯ್ಯ,” ಅಂದ.

“ಕಾಗದದ್ದೇನೂ ತಪ್ಪಿಲ್ಲ,” ಅಂದೆ ನಾನು. “ನನ್ನ ಕೈಯೇ ನಡುಗಿತು.”